ಮಂದಣ್ಣನ ತಿಳಿವು, ತಬರನ ಅರ್ಜಿ: ಕಾಫಿ ಸೀಮೆಯ ಕಥನದಲ್ಲಿ ಪಾತ್ರ ಮತ್ತು ನುಡಿ

ಕನ್ನಡ ಕಥನ ಸಾಹಿತ್ಯದ ವಿಮರ್ಶೆಯಲ್ಲಿ ಪಾತ್ರವೊಂದನ್ನು ಮೆಚ್ಚಿಕೊಳ್ಳುವಾಗ ಪದೇ ಪದೇ ಬಳಕೆಯಾಗುವ ಎರಡು ಮಾತುಗಳಿವೆ. ಒಂದು, ‘ಸಹಜವಾದ ಸಂಭಾಷಣೆ’. ಇನ್ನೊಂದು, ‘ಪ್ರಾದೇಶಿಕ ಸೊಗಡು’. ಪಾತ್ರವು ತನ್ನ ಊರಿನ ಆಡುನುಡಿಯಲ್ಲಿ ಮಾತನಾಡಿದರೆ ಅದು ನಂಬಲರ್ಹವಾದುದು, ಗ್ರಂಥಸ್ಥ ಕನ್ನಡದಲ್ಲಿ ಮಾತನಾಡಿದರೆ ಕೃತಕವಾದುದು ಎಂಬ ತೀರ್ಮಾನವು ಪಠ್ಯಪುಸ್ತಕದ ಟಿಪ್ಪಣಿಗಳಿಂದ ಹಿಡಿದು ಸಂಶೋಧನ ಪ್ರಬಂಧಗಳವರೆಗೆ ಹೆಚ್ಚಿನ ಪರಿಶೀಲನೆಯಿಲ್ಲದೆ ಉಳಿದುಬಂದಿದೆ. ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಾಫಿ ಸೀಮೆಯಲ್ಲಿ ಹುಟ್ಟಿದ ಅಥವಾ ಆ ಸೀಮೆಯನ್ನು ಹಾದುಹೋಗುವ ಕಥನಗಳ ಎದುರಿಗೆ ಇಟ್ಟಾಗ ಈ ತೀರ್ಮಾನವು ಸಡಿಲಗೊಳ್ಳುತ್ತದೆ. ಪಾತ್ರವನ್ನು ನಂಬುವಂತೆ ಮಾಡುವುದು ಅದರ ಉಚ್ಚಾರಣೆಯೋ ಅಥವಾ ಅದಕ್ಕೆ ಏನು ತಿಳಿದಿದೆ, ಆ ತಿಳಿವನ್ನು ಅದು ಯಾರ ಎದುರಿಗೆ ಹೇಳಬಲ್ಲದು, ಯಾರ ಎದುರಿಗೆ ಹೇಳಲಾರದು ಎಂಬುದೋ? ಪ್ರಸ್ತುತ ಲೇಖನವು ಎರಡನೆಯದರ ಪರವಾಗಿ ವಾದಿಸುತ್ತದೆ. ಪೂರ್ಣಚಂದ್ರ ತೇಜಸ್ವಿಯವರ ಮಂದಣ್ಣ ಮತ್ತು ತಬರ ಎಂಬ ಎರಡು ಪಾತ್ರಗಳು ಈ ವಾದದ ಮುಖ್ಯ ಆಧಾರ.

ಪಾತ್ರಕ್ಕೂ ನುಡಿಗೂ ಇರುವ ನಂಟನ್ನು ಕುರಿತ ಚಿಂತನೆ ಹೊಸದೇನಲ್ಲ. ಭರತನ ನಾಟ್ಯಶಾಸ್ತ್ರವು ರಾಜನಿಗೆ ಸಂಸ್ಕೃತವನ್ನೂ ಸ್ತ್ರೀಯರಿಗೆ ಹಾಗೂ ಕೆಳಸ್ತರದ ಪಾತ್ರಗಳಿಗೆ ಬಗೆಬಗೆಯ ಪ್ರಾಕೃತಗಳನ್ನೂ ವಿಧಿಸಿತು. ಅಲ್ಲಿ ನುಡಿಯು ಪಾತ್ರದ ಅಂತಸ್ತಿನ ಗುರುತು. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವಾದರೋ ಕನ್ನಡಗಳು ಹಲವು ಎಂಬುದನ್ನು ಗುರುತಿಸಿದ್ದಲ್ಲದೆ, ಕ್ರಮವಾಗಿ ಓದದೆಯೂ ಕಾವ್ಯದಲ್ಲಿ ಪರಿಣತಿ ಪಡೆದ ಜನರನ್ನು ಕುರಿತು ಹೆಮ್ಮೆಯಿಂದ ಹೇಳಿತು. ಈ ಎರಡನೆಯ ಮಾತನ್ನು ನಾಡಿನ ಹೊಗಳಿಕೆಯೆಂದು ಉದ್ಧರಿಸುವುದು ವಾಡಿಕೆ. ಅದನ್ನು ಶಾಲೆಯ ಹೊರಗಿನ ಕಲಿಕೆಯನ್ನು ಕುರಿತ ಹೇಳಿಕೆಯಾಗಿ ಓದುವುದು ಹೆಚ್ಚು ಫಲಪ್ರದವೆಂದು ತೋರುತ್ತದೆ. ಇನ್ನು ಇ.ಎಂ. ಫಾರ್ಸ್ಟರ್ 1927ರಲ್ಲಿ ಮಾಡಿದ ಚಪ್ಪಟೆ ಪಾತ್ರ ಮತ್ತು ದುಂಡು ಪಾತ್ರಗಳ ವಿಂಗಡಣೆಯನ್ನು ಕನ್ನಡ ತರಗತಿಗಳಲ್ಲಿ ಇಂದಿಗೂ ಬೋಧಿಸಲಾಗುತ್ತಿದೆ. ಓದುಗನನ್ನು ನಂಬಿಕೆ ಕೆಡದಂತೆ ಅಚ್ಚರಿಗೊಳಿಸಬಲ್ಲ ಪಾತ್ರವೇ ದುಂಡು ಪಾತ್ರ ಎಂಬುದು ಅವನ ಒರೆಗಲ್ಲು. ಆದರೆ ಅಚ್ಚರಿಗೊಳ್ಳುವ ಓದುಗನು ಯಾರು, ಅವನು ಆ ಪಾತ್ರದಿಂದ ಮೊದಲು ಏನನ್ನು ನಿರೀಕ್ಷಿಸಿದ್ದ ಎಂಬ ಪ್ರಶ್ನೆಯನ್ನು ಆ ವಿಂಗಡಣೆ ಎತ್ತುವುದಿಲ್ಲ. ಮಂದಣ್ಣನ ವಿಷಯದಲ್ಲಿ ಇದೇ ಮುಖ್ಯ ಪ್ರಶ್ನೆಯಾಗುತ್ತದೆ.

ಕಾಫಿ ಸೀಮೆಯ ನುಡಿಯ ಸ್ಥಿತಿಯನ್ನು ಮೊದಲು ಗಮನಿಸಬೇಕು. ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ತಂದರೆಂದು ಹೇಳಲಾಗುವ ಏಳು ಬೀಜಗಳ ಐತಿಹ್ಯದಿಂದ ಹತ್ತೊಂಬತ್ತನೆಯ ಶತಮಾನದ ಯುರೋಪಿಯನ್ ತೋಟಗಳವರೆಗೆ, ಅಲ್ಲಿಂದ 1925ರಲ್ಲಿ ಬಾಳೆಹೊನ್ನೂರಿನ ಬಳಿ ಆರಂಭವಾದ ಕಾಫಿ ಪ್ರಯೋಗ ಕೇಂದ್ರದವರೆಗೆ ಈ ಬೆಳೆಯ ಇತಿಹಾಸವೆಲ್ಲ ಹೊರಗಿನಿಂದ ಬಂದವರ ಇತಿಹಾಸವೂ ಹೌದು. ಘಟ್ಟದ ಕೆಳಗಿನಿಂದ ತುಳು ಮಾತನಾಡುವ ಆಳುಗಳು ಬಂದರು. ತಮಿಳು, ಮಲಯಾಳ ಮನೆಮಾತಿನವರು ಬಂದರು. ಬ್ಯಾರಿ ವ್ಯಾಪಾರಿಗಳು, ಕೊಂಕಣಿ ಮಾತನಾಡುವ ಕ್ರೈಸ್ತರು, ಉರ್ದು ಮನೆಮಾತಿನವರು ಬಂದು ನೆಲೆಸಿದರು. ಕಳಸದ ಕಡೆಯಂತೂ ಕಾರ್ಕಳದೊಂದಿಗೆ ಒಂದೇ ಅರಸುಮನೆತನದ ಆಳ್ವಿಕೆಯಲ್ಲಿ ಇದ್ದ ನಾಡು. ಘಟ್ಟದ ಮೇಲು ಕೆಳಗುಗಳ ಕೊಡುಕೊಳೆ ಅಲ್ಲಿ ಕಾಫಿಗಿಂತ ಹಳೆಯದು. ಹೀಗಾಗಿ ಈ ಸೀಮೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ತನ್ನದಲ್ಲದ ನುಡಿಯಲ್ಲಿ ದುಡಿಯುವವರ ಸಂಖ್ಯೆ ದೊಡ್ಡದು.

ತೋಟದ ಪದಕೋಶವೇ ಇದಕ್ಕೆ ಸಾಕ್ಷಿ. ‘ರೈಟರು’, ‘ಲೈನು’, ‘ಪಲ್ಪರ್’ ಇಂಗ್ಲಿಷಿನಿಂದ ಬಂದವು, ‘ಮೇಸ್ತ್ರಿ’ ಪೋರ್ಚುಗೀಸ್ ಮೂಲದ್ದು, ‘ಹಾಜರಿ’, ‘ಬಟವಾಡೆ’ಗಳು ಹಳೆಯ ಆಡಳಿತ ನುಡಿಗಳ ದಾರಿಯಿಂದ ಬಂದವು, ‘ಮರಗಸಿ’, ‘ಹೂಮಳೆ’, ‘ಕಣ’ಗಳು ನೆಲದವು. ಇವುಗಳಲ್ಲಿ ‘ಹೂಮಳೆ’ ಎಂಬ ಪದವನ್ನೇ ತೆಗೆದುಕೊಳ್ಳಬಹುದು. ಬೇಸಗೆಯ ಮೊದಲಲ್ಲಿ ಬಿದ್ದು ಕಾಫಿಯ ಮೊಗ್ಗನ್ನು ಅರಳಿಸುವ ಮಳೆ ಅದು. ಮಳೆ ಬಿದ್ದ ಎಂಟು ಹತ್ತು ದಿನಗಳಲ್ಲಿ ಹೂ ಬಿಡುತ್ತದೆ. ಆ ಬಳಿಕ ಕಾಯಿ ಕಚ್ಚಲು ಇನ್ನೊಂದು ಮಳೆ ಬೇಕು. ‘ಹೂಮಳೆ ಆಯ್ತು’ ಎಂದು ಒಬ್ಬ ಪಾತ್ರ ನುಡಿದರೆ ಆ ಎರಡು ಪದಗಳಲ್ಲಿ ಒಂದು ವರ್ಷದ ಸಾಲ, ಲಾಭ, ಆತಂಕಗಳೆಲ್ಲ ಅಡಗಿರುತ್ತವೆ. ಅದೇ ಪಾತ್ರದ ಬಾಯಲ್ಲಿ ‘ಎಂತ ಮಾರಾಯ್ರೆ’ ಎಂಬ ಮಾತನ್ನು ಹತ್ತು ಸಲ ಇಟ್ಟರೂ ಓದುಗನಿಗೆ ಊರಿನ ದಿಕ್ಕು ತಿಳಿಯುತ್ತದೆಯೇ ಹೊರತು ಮನುಷ್ಯ ತಿಳಿಯುವುದಿಲ್ಲ. ಸೊಗಡು ಎಂದು ವಿಮರ್ಶೆ ಕರೆಯುವುದು ಬಹುಮಟ್ಟಿಗೆ ಈ ಎರಡನೆಯ ಬಗೆಯದು.

ಆಡುನುಡಿಯ ವಾದಕ್ಕೆ ಮೊದಲ ತೊಡಕನ್ನು ಒಡ್ಡುವ ಕೃತಿ ಶಿವರಾಮ ಕಾರಂತರ ‘ಚೋಮನ ದುಡಿ’ (1933). ಕಾದಂಬರಿ ನಡೆಯುವುದು ಘಟ್ಟದ ಕೆಳಗೆ. ಆದರೆ ಅದರ ವಿಧಿ ನಿರ್ಧಾರವಾಗುವುದು ಘಟ್ಟದ ಮೇಲಿನ ಕಾಫಿ ತೋಟದಲ್ಲಿ. ತೋಟದ ಸಾಲ ತೀರಿಸಲೆಂದು ಚೋಮನ ಮಕ್ಕಳಾದ ಚನಿಯ, ಗುರುವರು ಅಲ್ಲಿಗೆ ಹೋಗುತ್ತಾರೆ. ಒಬ್ಬ ಜ್ವರಕ್ಕೆ ಬಲಿಯಾಗುತ್ತಾನೆ, ಇನ್ನೊಬ್ಬ ಕ್ರೈಸ್ತನಾಗಿ ಅಲ್ಲಿಯೇ ಉಳಿಯುತ್ತಾನೆ. ಆಮೇಲೆ ಮಗಳು ಬೆಳ್ಳಿಯೂ ಅದೇ ದಾರಿ ಹಿಡಿಯಬೇಕಾಗುತ್ತದೆ. ತುಳುನಾಡಿನ ಚೋಮನ ಮನೆಮಾತು ತುಳುವೇ ಆಗಿರಬೇಕು. ಆದರೆ ಕಾದಂಬರಿಯಲ್ಲಿ ಅವನು ಮಾತನಾಡುವುದು ಕನ್ನಡ. ಕಟ್ಟುನಿಟ್ಟಾಗಿ ಹೇಳುವುದಾದರೆ ಇಡೀ ಕಾದಂಬರಿಯ ಸಂಭಾಷಣೆ ಅನುವಾದ, ಮೂಲವಿಲ್ಲದ ಅನುವಾದ. ಹಾಗಿದ್ದೂ ಚೋಮನನ್ನು ನಂಬದ ಓದುಗರಿಲ್ಲ. ಅವನು ನಂಬಲರ್ಹನಾಗುವುದು ಬೇಸಾಯಗಾರನಾಗಬೇಕೆಂಬ ಅವನ ಆಸೆಯಿಂದ, ಸಾಕಿಕೊಂಡ ಎತ್ತುಗಳಿಂದ, ದುಡಿಯಿಂದ. ಮಾತಿನಲ್ಲಿ ಹೇಳಲಾಗದ್ದನ್ನು ಅವನು ದುಡಿ ಬಾರಿಸಿ ಹೇಳುತ್ತಾನೆ. ಪಾತ್ರದ ನಿಜವಾದ ನುಡಿ ಲಭ್ಯವಿಲ್ಲದ ಕಡೆ ಕಾರಂತರು ನುಡಿಯಾಚೆಗಿನ ಒಂದು ಅಭಿವ್ಯಕ್ತಿಯನ್ನು ಪಾತ್ರದ ಕೈಗೆ ಕೊಟ್ಟರೆಂಬುದು ಇಲ್ಲಿ ಗಮನಾರ್ಹ.

ಕುವೆಂಪು ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯಲ್ಲಿ ಬೇರೆ ದಾರಿ ಹಿಡಿದರು. ತೀರ್ಥಹಳ್ಳಿ ಸೀಮೆಯ ಆ ಕಥನದಲ್ಲಿ ಚೀಂಕ್ರ ಸೇರೆಗಾರ, ಐತ, ಪೀಂಚಲುವಿನಂತಹ ಘಟ್ಟದ ಕೆಳಗಿನವರು ಮಲೆನಾಡಿನ ಜನರ ನಡುವೆ ಬದುಕುತ್ತಾರೆ. ಒಂದೇ ಬಗೆಯ ಕನ್ನಡಕ್ಕೆ ಎಲ್ಲರನ್ನೂ ಒಗ್ಗಿಸದೆ, ಜಾತಿ ಮತ್ತು ಕಸುಬಿಗೆ ತಕ್ಕಂತೆ ಮಾತು ಕವಲೊಡೆಯುವುದನ್ನು ಅವರು ಕಾದಂಬರಿಯ ರಚನೆಯ ಭಾಗವಾಗಿಸಿದರು. ಈ ಕೃತಿಯನ್ನು ಕುರಿತು ಸಾಕಷ್ಟು ಬರೆಯಲಾಗಿರುವುದರಿಂದ ಇಲ್ಲಿ ವಿಸ್ತರಿಸುವ ಅಗತ್ಯವಿಲ್ಲ.

ತೇಜಸ್ವಿಯವರ (1938–2007) ಸಂದರ್ಭ ಇವೆರಡಕ್ಕಿಂತ ಭಿನ್ನ. ಮೈಸೂರಿನಲ್ಲಿ ಕನ್ನಡ ಎಂ.ಎ. ಮುಗಿಸಿ ಮೂಡಿಗೆರೆಯ ಪರಿಸರಕ್ಕೆ ಬಂದು ಕೃಷಿಕರಾದವರು ಅವರು. ಎಂದರೆ, ಆ ಸೀಮೆಯನ್ನು ವಯಸ್ಕರಾದ ಮೇಲೆ ಕಲಿತವರು. 1973ರ ‘ಅಬಚೂರಿನ ಪೋಸ್ಟಾಫೀಸು’ ಸಂಕಲನದ ಮುನ್ನುಡಿಯಲ್ಲಿ ನವ್ಯದಿಂದ ದೂರ ಸರಿಯುವ ತಮ್ಮ ನಿಲುವನ್ನು ಅವರು ಸ್ಪಷ್ಟಪಡಿಸಿದರು; ಕುವೆಂಪು, ಕಾರಂತ, ಲೋಹಿಯಾರಿಂದ ತಮಗೆ ದೊರೆತುದೇನೆಂಬುದನ್ನೂ ಅಲ್ಲಿ ಹೇಳಿದರು. ಈ ಮುನ್ನುಡಿಯನ್ನು ಸಾಹಿತ್ಯ ಚಳವಳಿಗಳ ಇತಿಹಾಸದಲ್ಲಿ ಇಟ್ಟು ನೋಡುವುದು ರೂಢಿ. ಅದರ ಇನ್ನೊಂದು ಪರಿಣಾಮ ಪಾತ್ರಸೃಷ್ಟಿಯಲ್ಲಿ ಕಾಣುತ್ತದೆ. ನವ್ಯದ ನಾಯಕನು ತನ್ನೊಳಗನ್ನು ತಾನೇ ಬಲ್ಲವನು, ಅದನ್ನು ಹೇಳಲು ಬೇಕಾದ ಭಾಷೆಯೂ ಅವನಲ್ಲಿ ಸಿದ್ಧವಾಗಿರುತ್ತದೆ. ತೇಜಸ್ವಿಯವರ 1973ರ ನಂತರದ ಪಾತ್ರಗಳು ಹೊರಗನ್ನು ಬಲ್ಲವರು: ಜೇನು, ಹಾವು, ಕಾಡು, ರಸೀತಿ ಪುಸ್ತಕ, ಹೊಲಿಗೆ ಯಂತ್ರ.

‘ಕರ್ವಾಲೊ’ (1980) ಕಾದಂಬರಿಯ ಮಂದಣ್ಣನನ್ನು ಓದುಗರು ಮೊದಲು ಭೇಟಿಯಾಗುವುದು ಮೂಡಿಗೆರೆಯ ಜೇನು ಸೊಸೈಟಿಯ ಸುತ್ತಿನಲ್ಲಿ. ನಿರೂಪಕ ಬೇಸಾಯಗಾರ, ವಿದ್ಯಾವಂತ. ಬೇಸಾಯದ ತಾಪತ್ರಯಗಳಿಂದ ಬೇಸತ್ತವನು. ಅವನ ಕಣ್ಣಿಗೆ ಮಂದಣ್ಣ ಹೊಣೆಗಾರಿಕೆಯಿಲ್ಲದ, ತುಸು ಪೆದ್ದನಾದ ಹಳ್ಳಿಗ. ಓದುಗನೂ ಹಾಗೆಯೇ ನಂಬುತ್ತಾನೆ. ಏಕೆಂದರೆ ಅವನಿಗೆ ಕೇಳಿಸುವುದು ನಿರೂಪಕನ ಕಿವಿಯ ಮೂಲಕ ಸೋಸಿ ಬಂದ ಮಂದಣ್ಣನ ಮಾತು. ಆ ಮಾತಿನ ಮಲೆನಾಡಿನ ಲಯ ಈ ಹಂತದಲ್ಲಿ ಮಂದಣ್ಣನಿಗೆ ಸಹಾಯ ಮಾಡುವುದಿಲ್ಲ, ಬದಲಾಗಿ ಅವನ ವಿರುದ್ಧವೇ ಕೆಲಸ ಮಾಡುತ್ತದೆ. ಆಡುನುಡಿ ಕಂಡೊಡನೆ ಹಾಸ್ಯವನ್ನು ನಿರೀಕ್ಷಿಸುವಂತೆ ಕನ್ನಡ ಓದುಗನನ್ನು ರಂಗಭೂಮಿ ಮತ್ತು ಸಿನಿಮಾಗಳು ಪಳಗಿಸಿವೆ. ತೇಜಸ್ವಿ ಆ ನಿರೀಕ್ಷೆಯನ್ನು ತಡೆಯದೆ ಬೆಳೆಯಲು ಬಿಡುತ್ತಾರೆ.

ಅದನ್ನು ಮುರಿಯುವವನು ವಿಜ್ಞಾನಿ ಕರ್ವಾಲೊ. ಅವನು ಮಂದಣ್ಣನನ್ನು ಶಿಷ್ಯನಂತೆ, ಸಹೋದ್ಯೋಗಿಯಂತೆ ನಡೆಸಿಕೊಳ್ಳುವುದನ್ನು ಕಂಡು ನಿರೂಪಕ ಬೆರಗಾಗುತ್ತಾನೆ. ಈ ಘಟ್ಟದಲ್ಲಿ ಮಂದಣ್ಣನ ಮಾತು ಬದಲಾಗುವುದಿಲ್ಲ. ಅವನು ಶಿಷ್ಟ ಕನ್ನಡಕ್ಕೆ ಹೊರಳುವುದಿಲ್ಲ, ವಿಜ್ಞಾನದ ಪರಿಭಾಷೆಯನ್ನು ಕಲಿತು ಒಪ್ಪಿಸುವುದಿಲ್ಲ. ಬದಲಾಗುವುದು ಕೇಳುವ ಕಿವಿ. ಹೆಜ್ಜೇನು, ತುಡುವೆ, ಕೋಲುಜೇನುಗಳನ್ನು ಬೇರೆ ಬೇರೆಯಾಗಿ ಬಲ್ಲ ಸೀಮೆಯವನೊಬ್ಬನ ನೋಟ ಎಷ್ಟು ನಿಖರವಾದುದೆಂಬುದನ್ನು ಕಾಣಬಲ್ಲವನೊಬ್ಬ ಸಿಕ್ಕಾಗ, ಮೊದಲು ಪೆದ್ದುತನವೆಂದು ಕಂಡ ಅದೇ ನಿಧಾನ, ಅದೇ ಸುತ್ತುಬಳಸು ಮಾತು ಎಚ್ಚರದ ಗಮನಿಸುವಿಕೆಯಾಗಿ ಕಾಣತೊಡಗುತ್ತದೆ. ಫಾರ್ಸ್ಟರ್ ಹೇಳುವ ಅಚ್ಚರಿ ಇಲ್ಲಿ ಪಾತ್ರದೊಳಗಿನ ಬೆಳವಣಿಗೆಯಿಂದ ಹುಟ್ಟಿದ್ದಲ್ಲ. ಓದುಗನು ತಪ್ಪಾಗಿ ಕೇಳಿಸಿಕೊಂಡದ್ದರಿಂದ ಹುಟ್ಟಿದ್ದು. ಮಂದಣ್ಣ ಮೊದಲಿನಿಂದಲೂ ದುಂಡಾಗಿಯೇ ಇದ್ದ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ಓದುಬರಹದ ಹೊರಗಿನ ಹಳ್ಳಿಗನಲ್ಲಿ ಸಹಜ ಜ್ಞಾನವನ್ನು ಕಾಣುವುದು ವಿದ್ಯಾವಂತನ ಭಾವುಕತೆಯಲ್ಲವೆ? ಮಂದಣ್ಣನ ಪಾತ್ರ ಈ ಅಪಾಯದ ಅಂಚಿನಲ್ಲೇ ನಡೆಯುತ್ತದೆ ಎಂಬುದನ್ನು ಒಪ್ಪಬೇಕು. ಅವನನ್ನು ಉಳಿಸುವುದು ಕಾದಂಬರಿಯ ವಿನೋದ ಮತ್ತು ಅವನ ಸಣ್ಣತನಗಳು. ಅವನಿಗೆ ಮದುವೆಯ ಚಿಂತೆಯಿದೆ. ಕಳ್ಳಭಟ್ಟಿಯ ಪ್ರಕರಣದಲ್ಲಿ ಸಿಕ್ಕಿಬೀಳುತ್ತಾನೆ. ಕಾನೂನಿಗೆ ಅವನು ಆರೋಪಿ, ಊರಿಗೆ ಅಬ್ಬೇಪಾರಿ, ಕರ್ವಾಲೊಗೆ ನಿಸರ್ಗ ವೀಕ್ಷಕ. ಮೂರೂ ಸುಳ್ಳಲ್ಲ. ಅದಕ್ಕಿಂತ ಮುಖ್ಯವಾಗಿ, ಅವನ ತಿಳಿವಿಗೆ ಒಂದು ಗಡಿಯಿದೆ. ಹಾರುವ ಓತಿಯನ್ನು ಕಂಡವನು ಅವನು. ಆ ಪ್ರಾಣಿ ಜೀವವಿಕಾಸದ ಕಾಲಮಾನದಲ್ಲಿ ಏನನ್ನು ಸೂಚಿಸುತ್ತದೆ ಎಂಬುದು ತಿಳಿದಿರುವುದು ಕರ್ವಾಲೊಗೆ. ಕರ್ವಾಲೊಗೆ ಅರ್ಥ ಗೊತ್ತು, ಜಾಗ ಗೊತ್ತಿಲ್ಲ. ಮಂದಣ್ಣನಿಗೆ ಜಾಗ ಗೊತ್ತು. ಕಾಡಿನ ಶೋಧಯಾತ್ರೆಯಲ್ಲಿ ಹಾವು ಹಿಡಿಯುವ ಎಂಗ್ಟ, ಅಡುಗೆಯ ಬಿರಿಯಾನಿ ಕರಿಯಪ್ಪ, ಛಾಯಾಗ್ರಾಹಕ ಪ್ರಭಾಕರ ಎಲ್ಲರೂ ಇಂಥ ಅರೆತಿಳಿವುಗಳ ಒಡೆಯರೇ. ಪಾತ್ರವೊಂದಕ್ಕೆ ಏನು ಗೊತ್ತಿದೆ ಎಂಬುದನ್ನು ಬರೆಯುವುದು ಕಷ್ಟವಲ್ಲ. ಅದಕ್ಕೆ ಏನು ಗೊತ್ತಿಲ್ಲ ಎಂಬುದನ್ನು ಲೇಖಕ ಖಚಿತವಾಗಿ ಬಲ್ಲವನಾಗಿ, ಆ ಗಡಿಯನ್ನು ಸಂಭಾಷಣೆಯಲ್ಲಿ ಎಲ್ಲಿಯೂ ದಾಟದಿರುವುದು ಕಷ್ಟ. ಕೊನೆಯಲ್ಲಿ ಓತಿಯು ಯಾರ ಕೈಗೂ ಸಿಗದೆ ಕಣಿವೆಯೊಳಕ್ಕೆ ತೇಲಿಹೋದಾಗ ಎಲ್ಲರ ತಿಳಿವೂ ಒಂದೇ ಅಂಚಿನಲ್ಲಿ ನಿಲ್ಲುತ್ತದೆ.

‘ಕರ್ವಾಲೊ’ ಇಂಗ್ಲಿಷೂ ಸೇರಿದಂತೆ ಹಲವು ಭಾಷೆಗಳಿಗೆ ಅನುವಾದವಾಗಿದೆ. ಮೂಡಿಗೆರೆಯ ಆಡುನುಡಿಗೆ ಯಾವ ಭಾಷೆಯಲ್ಲಿಯೂ ಸಮಾನವಾದುದಿರಲು ಸಾಧ್ಯವಿಲ್ಲ. ಪಾತ್ರದ ಪ್ರಾಣವು ಸೊಗಡಿನಲ್ಲಿಯೇ ಇದ್ದಿದ್ದರೆ ಅನುವಾದದಲ್ಲಿ ಮಂದಣ್ಣ ಸತ್ತುಹೋಗಬೇಕಿತ್ತು. ಅವನು ಬಡವಾಗುತ್ತಾನೆ, ನಿಜ, ಆದರೆ ಉಳಿಯುತ್ತಾನೆ. ಅನುವಾದದಲ್ಲಿ ಕಳೆದುಹೋಗುವುದನ್ನು ಕುರಿತು ನಡೆದಿರುವ ಚರ್ಚೆಯ ಜೊತೆಗೆ ಉಳಿಯುವುದನ್ನು ಕುರಿತ ಚರ್ಚೆಯೂ ನಡೆದರೆ ಪಾತ್ರಸೃಷ್ಟಿಯ ಬಗೆಗೆ ಹೆಚ್ಚು ತಿಳಿಯಬಹುದು.

ಮಂದಣ್ಣನಿಗೆ ಕರ್ವಾಲೊ ಸಿಕ್ಕಿದ. ಅಂಥವನೊಬ್ಬ ಸಿಗದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ‘ತಬರನ ಕಥೆ’ಯನ್ನು ನೋಡಬೇಕು. ‘ಅಬಚೂರಿನ ಪೋಸ್ಟಾಫೀಸು’ ಸಂಕಲನದ ಈ ಕಥೆಯನ್ನು ಗಿರೀಶ ಕಾಸರವಳ್ಳಿಯವರು 1986ರಲ್ಲಿ ಚಲನಚಿತ್ರವಾಗಿಸಿದರು. ಅದು ಆ ವರ್ಷದ ಅತ್ಯುತ್ತಮ ಕಥಾಚಿತ್ರವೆಂಬ ರಾಷ್ಟ್ರಪ್ರಶಸ್ತಿಯನ್ನು ಪಡೆಯಿತು. ಪಡುಗೆರೆಯ ಪುರಸಭೆಯ ಕೆಳದರ್ಜೆಯ ನೌಕರ ತಬರಸೆಟ್ಟಿ. ಸುಂಕ ವಸೂಲಿಯ ಲೆಕ್ಕದ ತೊಡಕಿನಿಂದಾಗಿ ನಿವೃತ್ತಿಯ ನಂತರ ಅವನ ಪಿಂಚಣಿ ನಿಂತುಹೋಗುತ್ತದೆ. ಸಕ್ಕರೆ ಕಾಯಿಲೆಯ ಹೆಂಡತಿ ಅಪ್ಪಿಯ ಕಾಲಿನ ಗಾಯ ಕೊಳೆಯುತ್ತದೆ. ಹಣ ಬರುವ ಮೊದಲೇ ಅವಳು ಸಾಯುತ್ತಾಳೆ. ಈ ಕಥೆಯನ್ನು ಅಧಿಕಾರಶಾಹಿಯ ಕ್ರೌರ್ಯದ ಕಥೆಯೆಂದು ಓದಲಾಗಿದೆ. ಆ ಓದು ಸರಿಯಾದುದೇ. ಆದರೆ ತಬರನು ಇಷ್ಟೊಂದು ನಂಬಲರ್ಹನಾಗಿರುವುದಕ್ಕೆ ಕ್ರೌರ್ಯವೊಂದೇ ಕಾರಣವಾಗಲಾರದು.

ಮೈಸೂರು ರಾಜ್ಯದಲ್ಲಿ ರಾಜಭಾಷಾ ಅಧಿನಿಯಮ ಬಂದದ್ದು 1963ರಲ್ಲಿ. ಕಥೆ ಪ್ರಕಟವಾದದ್ದು ಅದಾದ ಹತ್ತು ವರ್ಷಗಳಿಗೆ. ಎಂದರೆ, ತಬರನ ಸಂಕಟವನ್ನು ಇಂಗ್ಲಿಷ್ ಬಾರದವನ ಸಂಕಟವೆಂದು ಕೈತೊಳೆದುಕೊಳ್ಳುವಂತಿಲ್ಲ. ‘ಸದರಿ’, ‘ಮೇಲ್ಕಂಡ’, ‘ಷರಾ’, ‘ಕಡತ’, ‘ವಿಲೇವಾರಿ’ ಇವೆಲ್ಲ ಕಚೇರಿಯ ಕನ್ನಡವೇ. ಹೆಂಡತಿಯ ಕಾಲು ಕೊಳೆಯುತ್ತಿದೆ ಎಂಬ ವಾಕ್ಯಕ್ಕೆ ಈ ಕನ್ನಡದಲ್ಲಿ ಜಾಗವಿಲ್ಲ. ಅದು ಅರ್ಜಿಯಾಗಬೇಕು, ಅರ್ಜಿಗೆ ದಾಖಲೆ ಬೇಕು, ದಾಖಲೆಗೆ ಹಳೆಯ ರಸೀತಿ ತಾಳೆಯಾಗಬೇಕು. ತಬರ ಅಜ್ಞಾನಿಯಲ್ಲ ಎಂಬುದೇ ಕಥೆಯ ಕರಾಳ ಭಾಗ. ಇಡೀ ಬದುಕನ್ನು ಅವನು ಕಳೆದದ್ದು ಆ ಕಚೇರಿಯ ಬಾಗಿಲಲ್ಲಿಯೇ. ಅದರ ನಡೆಗಳನ್ನು ಆಳಿನ ಕಡೆಯಿಂದ ಬಲ್ಲವನು. ಅದರ ನ್ಯಾಯದಲ್ಲಿ ಅವನಿಗೆ ನಂಬಿಕೆಯೂ ಇದೆ. ಕಲಿತ ನುಡಿಯೇ ಅವನಿಗೆ ಎದುರಾಗಿ ನಿಲ್ಲುತ್ತದೆ. ಮಂದಣ್ಣನ ತಿಳಿವಿಗೆ ಕೇಳುಗನೊಬ್ಬ ದೊರೆತಂತೆ ತಬರನ ತಿಳಿವಿಗೆ ದೊರೆಯಲಿಲ್ಲ; ಅವನ ಮಾತನ್ನು ಕೇಳಿಸಿಕೊಂಡವರೆಲ್ಲ ಅದನ್ನು ಕಾಗದಕ್ಕೆ ತಿರುಗಿಸಿ ಮುಂದಿನ ಮೇಜಿಗೆ ಕಳುಹಿಸಿದವರು. ಕಥೆಯಿಂದ ಮಲೆನಾಡಿನ ಉಚ್ಚಾರಣೆಯನ್ನೆಲ್ಲ ಅಳಿಸಿ ಹಾಕಿದರೂ ಈ ಮನುಷ್ಯ ಹಾಗೆಯೇ ಉಳಿಯುತ್ತಾನೆ.

ಇದೇ ಸಂಕಲನದ ‘ಡೇರ್ ಡೆವಿಲ್ ಮುಸ್ತಫಾ’ದಲ್ಲಿ ಸಮಸ್ಯೆ ಇನ್ನೂ ಸರಳವಾಗಿದೆ: ಅಬಚೂರಿನ ಕಾಲೇಜಿನ ಹುಡುಗರಿಗೆ ಭಯ ಹುಟ್ಟಿಸಲು ಹೊಸ ಸಹಪಾಠಿಯ ಉದ್ದನೆಯ ಹೆಸರೊಂದೇ ಸಾಕಾಗುತ್ತದೆ. ಮಾತಿಗೆ ಮುಂಚೆಯೇ ಪಾತ್ರವನ್ನು ಇತರರು ಕಟ್ಟಿಬಿಟ್ಟಿರುತ್ತಾರೆ. 2023ರಲ್ಲಿ ಚಲನಚಿತ್ರವಾದ ಮೇಲೆ ಈ ಕಥೆ ಹೊಸ ಓದುಗರನ್ನು ಪಡೆದಿದೆ. ‘ಕಿರಗೂರಿನ ಗಯ್ಯಾಳಿಗಳು’ (1991) ಕೃತಿಯಲ್ಲಿ ಹೆಂಗಸರ ಮಾತೇ ಶಕ್ತಿ. ‘ಗಯ್ಯಾಳಿ’ ಎಂಬುದು ಆ ಮಾತಿಗೆ ಊರು ಇಟ್ಟ ಹೆಸರು. ಆದರೂ ತೇಜಸ್ವಿಯವರ ಹೆಂಗಸರು ಗುಂಪಾಗಿ ಕೇಳಿಸುವಷ್ಟು ಸ್ಪಷ್ಟವಾಗಿ ಒಬ್ಬೊಬ್ಬರಾಗಿ ಕೇಳಿಸುವುದಿಲ್ಲ. ಮಂದಣ್ಣನಿಗೆ ದೊರೆತ ಕಾದಂಬರಿ ಅವರಲ್ಲಿ ಯಾರಿಗೂ ದೊರೆಯಲಿಲ್ಲ.

ಇಷ್ಟನ್ನು ಹೇಳಿದ ಮೇಲೆ ಕಾಫಿ ಸೀಮೆಯ ಕಥನದಲ್ಲಿ ಕೇಳಿಸದ ದನಿಗಳ ಪ್ರಶ್ನೆ ಉಳಿಯುತ್ತದೆ. ತೇಜಸ್ವಿಯವರ ನಿರೂಪಕ ಉದ್ದಕ್ಕೂ ಜಮೀನಿನ ಒಡೆಯ. ‘ಪರಿಸರದ ಕಥೆ’ (1991) ಕೃತಿಯ ಮಾರ, ಪ್ಯಾರ, ಮಾಸ್ತಿ, ಬೈರ ಇವರೆಲ್ಲರೂ ನಮಗೆ ಕೇಳಿಸುವುದು ಅವನೊಂದಿಗೆ ಮಾತನಾಡುವಾಗ. ಒಡೆಯನೊಂದಿಗೆ ಆಡುವ ಕನ್ನಡ ಬೇರೆ. ಬಟವಾಡೆ ಮುಗಿದ ಮೇಲೆ ಲೈನಿನಲ್ಲಿ ತಮ್ಮೊಳಗೆ ಆಡುವ ಮಾತು ಬೇರೆ, ಹಲವು ವೇಳೆ ಅದು ಕನ್ನಡವೇ ಅಲ್ಲ. ಆ ನಿರೂಪಕ ತನ್ನನ್ನು ತಾನು ಗೇಲಿ ಮಾಡಿಕೊಳ್ಳುವ ಪ್ರಾಮಾಣಿಕತೆಯುಳ್ಳವನಾದುದರಿಂದ ಈ ಮಿತಿ ಕಣ್ಣಿಗೆ ರಾಚುವುದಿಲ್ಲ. ಹಾಗೆಂದು ಅದು ಇಲ್ಲವೆಂದಲ್ಲ. ಬೆಳ್ಳಿಯನ್ನು ಹಿಂಬಾಲಿಸಿ ಕಾರಂತರು 1933ರಲ್ಲಿಯೇ ತೋಟದ ಒಳಕ್ಕೆ ಹೋಗಿದ್ದರು. ಸಾಲದ ಲೆಕ್ಕ ಚುಕ್ತಾ ಆಗುವುದಕ್ಕೆ ಅವಳು ತೆತ್ತ ಬೆಲೆ ಯಾವ ಪುಸ್ತಕದಲ್ಲಿಯೂ ದಾಖಲಾಗುವಂಥದಲ್ಲ ಎಂಬುದನ್ನು ಅವರು ಕಂಡಿದ್ದರು. ಆ ದಾರಿಯಲ್ಲಿ ಮುಂದೆ ನಡೆದವರು ಕಡಿಮೆ.

ಈಚಿನ ವರ್ಷಗಳಲ್ಲಿ ಕಾಫಿ ತೋಟಗಳ ಲೈನುಗಳಿಗೆ ಅಸ್ಸಾಂ ಮೊದಲಾದ ದೂರದ ರಾಜ್ಯಗಳ ಕುಟುಂಬಗಳು ಕೆಲಸಕ್ಕೆ ಬರುತ್ತಿವೆ. ರೈಟರು ಅವರೊಂದಿಗೆ ಹರುಕು ಹಿಂದಿಯಲ್ಲಿ ವ್ಯವಹರಿಸುತ್ತಾನೆ. ಹಾಜರಿ ಪುಸ್ತಕದಲ್ಲಿ ಅವರ ಹೆಸರುಗಳು ಅವನ ಕಿವಿಗೆ ಬಿದ್ದಂತೆ ಕನ್ನಡ ಅಕ್ಷರಗಳಲ್ಲಿ ದಾಖಲಾಗುತ್ತವೆ. ಚೋಮನ ಮಕ್ಕಳು ಘಟ್ಟ ಹತ್ತಿ ಬಂದಾಗ ಅವರ ಹೆಸರುಗಳೂ ಹೀಗೆಯೇ ಯಾವುದೋ ಪುಸ್ತಕದಲ್ಲಿ ಸೇರಿಕೊಂಡಿರಬೇಕು. ಈ ಹೊಸಬರು ಕನ್ನಡದಲ್ಲಿ ಮೊದಲು ಕಲಿಯುವ ಪದಗಳು ಯಾವುವು, ಆ ಪದಗಳಲ್ಲಿ ಕೆಲಸ, ತೂಕ, ಕೂಲಿಗೆ ಸಂಬಂಧಿಸದವು ಎಷ್ಟು, ಹಾಡಿಗೆ ಜಗಳಕ್ಕೆ ಜ್ವರಕ್ಕೆ ಅವರು ಯಾವ ನುಡಿಯನ್ನು ಬಳಸುತ್ತಾರೆ ಎಂಬುದು ಭಾಷಾವಿಜ್ಞಾನದ ಕ್ಷೇತ್ರಕಾರ್ಯಕ್ಕೆ ಸೇರಿದ ವಿಷಯವೆಂದು ಸಾಹಿತ್ಯದ ವಿದ್ಯಾರ್ಥಿಗಳು ಬಿಟ್ಟುಬಿಡುವುದಿದೆ. ಮುಂದೆ ಆ ಲೈನುಗಳಿಂದ ಒಂದು ಪಾತ್ರ ಕನ್ನಡ ಕಾದಂಬರಿಯೊಳಕ್ಕೆ ಬರುವುದಾದರೆ ಅದನ್ನು ಬರೆಯುವವನಿಗೆ ಬೇಕಾಗುವುದು ಇದೇ ತಿಳಿವು.